ವಾಸನೆಯಿಲ್ಲದ್ದು ನನ್ನದು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೂ ಹಾಗೇ, ಬೆನ್ನ ಹಿಂದೆಯೂ ಹಾಗೇ. ಮೂಗು ದೊಡ್ಡದಿತ್ತೆಂದಲ್ಲ. ನೋಡಿದರೆ ನೆನಪಿನಲ್ಲಿ ಉಳಿಯುವಂಥ ಮೂಗೇ ಅಲ್ಲ ಅದು. ಅದು ಮಾಡುತ್ತಿದ್ದ ಕೆಲಸ ಮಾತ್ರ ಬೇರೆ ಯಾರ ಮೂಗಿನಿಂದಲೂ ಆಗುವಂಥದ್ದಲ್ಲ.

ಆ ಲಾಂಡ್ರಿಗೆ ಬರುತ್ತಿದ್ದದ್ದು ಹೋಟೆಲು, ಲಾಡ್ಜುಗಳ ಹಾಸು ಹೊದಿಕೆ. ದಿನಕ್ಕೆ ನಾನೂರು, ಐನೂರು. ಒಣಗಿದ ಹೊದಿಕೆಯನ್ನು ಕೊಡವಿದಾಗ ನೂಲಿನ ಧೂಳು ಏಳುತ್ತದೆ ನೋಡಿ, ಅದು ಮೂಗಿಗೆ ಹೋದರೆ ಸೀನು, ಎದೆಗೆ ಹೋದರೆ ಕೆಮ್ಮು. ಅದಕ್ಕೇ ಒಂಬತ್ತು ಜನ ಕೆಲಸಗಾರರೂ ಮೂಗು ಬಾಯಿ ಮುಚ್ಚುವಂತೆ ಒಂದೊಂದು ಬಿಳಿ ಬಟ್ಟೆ ಕಟ್ಟಿಕೊಳ್ಳಬೇಕು ಎಂದು ಮೇಸ್ತ್ರಿಯ ಕಟ್ಟಾಜ್ಞೆ. ಹರಿದ ಹೊದಿಕೆಗಳನ್ನೇ ಕತ್ತರಿಸಿ ಮಾಡಿದ ಬಟ್ಟೆಗಳು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಸಂಜೆ ಹೋಗುವಾಗ ಎಲ್ಲರೂ ಅದನ್ನು ಬಿಚ್ಚಿ ಮುಚ್ಚಳದ ಬುಟ್ಟಿಗೆ ಎಸೆದು ಹೋಗುತ್ತಿದ್ದರು. ಬೆಳಿಗ್ಗೆ ಅವನ್ನು ಬೇರೆಯಾಗಿ ಕುದಿಸಿ ಒಗೆದು ಅವರವರದ್ದನ್ನು ಅವರವರಿಗೇ ಕೊಡಬೇಕು. ಇನ್ನೊಬ್ಬರ ಬಾಯಿಗೆ ಕಟ್ಟಿದ್ದನ್ನು ತನ್ನ ಬಾಯಿಗೆ ಕಟ್ಟಿಕೊಳ್ಳಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಶಾಯಿಯಲ್ಲಿ ಗುರುತು ಹಾಕಿದರೆ ಬ್ಲೀಚಿಗೆ ಬಿಟ್ಟುಹೋಗುತ್ತಿತ್ತು. ಅವರವರೇ ತಮ್ಮ ಅಂಕಿಯ ತಗಡಿನ ಬಿಲ್ಲೆಯನ್ನು ಪಿನ್ನು ಹಾಕಿ ಸಿಕ್ಕಿಸಲಿ ಎಂದು ಮೇಸ್ತ್ರಿ ಒಂದು ತಿಂಗಳು ಪ್ರಯತ್ನಪಟ್ಟ. ನಾಲ್ಕು ಜನ ಮರೆತರು, ಇಬ್ಬರು ಅದಲುಬದಲು ಮಾಡಿದರು, ಇಸ್ತ್ರಿಯವನು ಬೆರಳಿಗೆ ಪಿನ್ನು ಚುಚ್ಚಿಕೊಂಡು ಮೇಸ್ತ್ರಿಯ ವಂಶವನ್ನೆಲ್ಲ ನೆನೆದ.

"ಬಿಡಿ, ಬಿಲ್ಲೆ ನಾನೇ ಹಾಕ್ತೀನಿ," ಎಂದಳು ಮೂಗಿನಕ್ಕ.

ಹಾಕಿದಳು ಕೂಡ, ಹದಿನಾಲ್ಕು ವರ್ಷ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬುಟ್ಟಿಯ ಮುಚ್ಚಳ ತೆಗೆದು, ಒಂದೊಂದೇ ಬಟ್ಟೆಯನ್ನು ಮೂಗಿನ ಹತ್ತಿರ ತಂದು ಪಟಪಟನೆ ಬಿಲ್ಲೆ ಸಿಕ್ಕಿಸುತ್ತಿದ್ದಳು. ಮೇಸ್ತ್ರಿಯದು ಲವಂಗ. ಯಂತ್ರದವನದು ಕೀಲೆಣ್ಣೆಯ ಜೊತೆಗೆ ಹುಳಿ ಬೆವರು. ಇಸ್ತ್ರಿಯವನದು ಸುಟ್ಟ ಹತ್ತಿ. ಒಮ್ಮೆ ಆ ಇಸ್ತ್ರಿಯವನನ್ನು ನಿಲ್ಲಿಸಿ, "ಏನಪ್ಪಾ, ಹೊಸ ಮಾತ್ರೆ ಶುರು ಮಾಡಿದ್ದೀಯಾ?" ಎಂದು ಕೇಳಿದ್ದಳು. ಅವನು ಹೆಂಡತಿಗೂ ಹೇಳದೆ ಹಿಂದಿನ ದಿನವಷ್ಟೇ ರಕ್ತದೊತ್ತಡದ ಮಾತ್ರೆ ನುಂಗಿದ್ದ. ಅವತ್ತಿನಿಂದ ಅವಳ ಮುಂದೆ ಉಸಿರು ಬಿಡಲೂ ಹೆದರುತ್ತಿದ್ದ.

ವಾಸನೆ ಎಂದರೆ ಅವಳಿಗೆ ಅಸಹ್ಯವಿರಲಿಲ್ಲ, ಕುತೂಹಲ. ನಾಲ್ಕು ಜನ ಮೂಗು ಮುಚ್ಚಿಕೊಳ್ಳುವ ಕಡೆ ಇವಳು ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗುತ್ತಿದ್ದಳು. ಹೊಸ ಬೆವರಿಗೆ ಹೆಚ್ಚು ವಾಸನೆಯೇ ಇರುವುದಿಲ್ಲ, ನಿಂತ ಬೆವರೇ ನಾರುವುದು ಎಂಬುದನ್ನು ಅವಳು ತಾನಾಗಿಯೇ ಕಂಡುಕೊಂಡಿದ್ದಳು. ಹೆದರಿದವನ ಬೆವರು ಬೇರೆ, ದುಡಿದವನ ಬೆವರು ಬೇರೆ ಎಂದು ವಾದ ಮಾಡುತ್ತಿದ್ದಳು. ನಂಬುವವರು ನಂಬುತ್ತಿದ್ದರು, ಉಳಿದವರು ನಗುತ್ತಿದ್ದರು. ಎರಡಕ್ಕೂ ಅವಳು ಸೊಪ್ಪು ಹಾಕಿದವಳಲ್ಲ.

"ಅಲ್ಲಕ್ಕಾ, ನಿನ್ನ ಬಟ್ಟೆ ಹೆಂಗೆ ಗೊತ್ತಾಗುತ್ತೆ ನಿನಗೆ?" ಎಂದು ಯಾರೋ ಒಮ್ಮೆ ಕೇಳಿದ್ದರು.

"ಅದೇನು ಮಹಾ! ವಾಸನೆಯಿಲ್ಲದ್ದು ನನ್ನದು," ಎಂದಿದ್ದಳು. ಎಲ್ಲರೂ ನಕ್ಕು ಸುಮ್ಮನಾದರು. ಅವಳಾದರೂ ಆ ಮಾತನ್ನು ಇನ್ನೊಮ್ಮೆ ಯೋಚಿಸಿದವಳಲ್ಲ.

ಆ ಮಂಗಳವಾರ ಬೆಳಿಗ್ಗೆ ಅವಳು ಬುಟ್ಟಿಯ ಮುಚ್ಚಳ ತೆಗೆದಾಗ ಹಣ್ಣಿನ ವಾಸನೆ ಬಂತು. ಮಾಗಿ, ಮಾಗಿ, ಇನ್ನೇನು ಕೊಳೆಯಬೇಕು ಎನ್ನುವಂಥ ಹಣ್ಣು. ಯಾರೋ ತಿಂದು ಮಿಕ್ಕಿದ್ದನ್ನು ಬಟ್ಟೆಯಲ್ಲಿ ಸುತ್ತಿ ಎಸೆದಿದ್ದಾರೆ ಎಂದು ಬೈದುಕೊಳ್ಳುತ್ತ ಬುಟ್ಟಿಯನ್ನೇ ಬೋರಲು ಹಾಕಿದಳು. ಹಣ್ಣೂ ಇಲ್ಲ, ಸಿಪ್ಪೆಯೂ ಇಲ್ಲ. ಒಂಬತ್ತು ಬಟ್ಟೆಗಳಲ್ಲಿ ಒಂದು ಮಾತ್ರ ಹಾಗೆ ನಾರುತ್ತಿತ್ತು. ಅದನ್ನು ಮತ್ತೆ ಮೂಸಿದಳು. ಹಣ್ಣಿನ ಹಿಂದೆ ಇನ್ನೊಂದು ವಾಸನೆ ಇತ್ತು, ಚುರುಕಾದದ್ದು, ಮೂಗಿನ ಮೇಲ್ಗಡೆ ಚುಚ್ಚುವಂಥದ್ದು. ಪೇಂಟಿಗೆ ಬೆರೆಸುವ ಥಿನ್ನರಿನ ವಾಸನೆ.

ಅವಳು ಬೋರಲು ಬುಟ್ಟಿಯ ಮೇಲೇ ಕೂತುಬಿಟ್ಟಳು.

ಆ ವಾಸನೆ ಅವಳಿಗೆ ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಗಂಡನ ಅಂಗಿಯಲ್ಲಿ ಅದು ಬಂದಿತ್ತು. ಗಂಡ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವನು. ಬಣ್ಣದವನ ಅಂಗಿಯಲ್ಲಿ ಥಿನ್ನರು ನಾರದೆ ಮತ್ತೇನು ನಾರುತ್ತದೆ? ಇವಳು ಗೊಣಗುತ್ತ ಅದನ್ನು ಒಗೆದಳು. ಮರುದಿನವೂ ನಾರಿತು. ಸೋಪು ಜಾಸ್ತಿ ಹಾಕಿ ಮತ್ತೆ ಒಗೆದಳು. "ಥಿನ್ನರಿನಲ್ಲೇ ಸ್ನಾನ ಮಾಡ್ಕೊಂಡು ಬರ್ತೀರಾ?" ಎಂದು ರೇಗಿದಳು. ಅವನು ಸುಸ್ತೆಂದು ಚಾಪೆ ಹಿಡಿದು, ನೀರು ಕೇಳಿ ಕೇಳಿ ಕುಡಿಯುತ್ತಿದ್ದ. ಅವನು ಬ್ರಷ್ಷು ಮುಟ್ಟಿ ಐದು ದಿನವಾಗಿತ್ತು ಎನ್ನುವುದು ಅವಳಿಗೆ ಹೊಳೆದದ್ದು ಆಸ್ಪತ್ರೆಯ ವರಾಂಡದಲ್ಲಿ. ಸಕ್ಕರೆ ಕಾಯಿಲೆ, ರಕ್ತ ಹುಳಿಯಾಗಿಬಿಟ್ಟಿದೆ, ಆ ವಾಸನೆ ಥಿನ್ನರಿನದಲ್ಲ, ಅವನ ಉಸಿರಿನದು ಎಂದರು ಡಾಕ್ಟರು. ಒಂದೆರಡು ದಿನ ಮುಂಚೆ ತಂದಿದ್ದರೆ ಉಳಿಯುತ್ತಿದ್ದ ಎಂದೂ ಅಂದರು. ಇಡೀ ಲಾಂಡ್ರಿಯನ್ನು ಮೂಸಿ ಹೇಳುವ ಮೂಗು ಮನೆಯಲ್ಲಿ ಸೋತಿತ್ತು. ಅವಳು ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಅತ್ತೆಯೊಬ್ಬಳ ಹತ್ತಿರ ಬಿಟ್ಟು.

ಈಗ ಅದೇ ವಾಸನೆ ಇಲ್ಲಿ, ಈ ಬುಟ್ಟಿಯಲ್ಲಿ. ಈ ಒಂಬತ್ತು ಜನರಲ್ಲಿ ಒಬ್ಬರಿಗೆ ಹೆಚ್ಚು ದಿನವಿಲ್ಲ.

ಅವಳು ಬಟ್ಟೆಗಳನ್ನು ಮೇಜಿನ ಮೇಲೆ ಹರಡಿ ಲೆಕ್ಕ ಹಾಕಿದಳು. ಲವಂಗ ಇದೆ, ಕೀಲೆಣ್ಣೆ ಇದೆ, ಸುಟ್ಟ ಹತ್ತಿ ಇದೆ. ಹೀಗೆ ಏಳು ಜನರದ್ದು ಸಿಕ್ಕಿತು. ಉಳಿದವು ಎರಡು. ಒಂದಕ್ಕೆ ವಾಸನೆಯೇ ಇಲ್ಲ, ಅದು ತನ್ನದು. ಇನ್ನೊಂದು ಈ ಹಣ್ಣಿನದು. ಹಾಗಾದರೆ ಅದು ಚಿನಕುರುಳಿಯದು.

ಚಿನಕುರುಳಿ ಎಂದರೆ ಹೊದಿಕೆ ಮಡಚುವವಳು. ಸೇರಿ ಆರು ವಾರವಾಗಿತ್ತು. ಮೂವತ್ತರ ಆಸುಪಾಸಿನ ಹೆಂಗಸು, ಮನೆಯಲ್ಲಿ ಎರಡು ವರ್ಷದ ಮಗಳು. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾದ್ದರಿಂದ ಬಂದ ಎರಡನೇ ದಿನವೇ ಆ ಹೆಸರು ಬಿದ್ದಿತ್ತು. ಅವಳ ಬಟ್ಟೆಗೆ ಇಷ್ಟು ದಿನವೂ ಮಗುವಿಗೆ ಹಚ್ಚುವ ಎಣ್ಣೆಯ ವಾಸನೆ ಇತ್ತು. ಈಗ ಅದಿಲ್ಲ. ಹಣ್ಣಿನ ವಾಸನೆ ಅದನ್ನು ನುಂಗಿಹಾಕಿದೆ ಎಂದುಕೊಂಡಳು ಮೂಗಿನಕ್ಕ. ಎರಡು ವರ್ಷದ ಮಗುವನ್ನು ನೆನೆಯುತ್ತಲೇ ಅದಕ್ಕೆ ಚಿನಕುರುಳಿಯ ಬಿಲ್ಲೆ ಸಿಕ್ಕಿಸಿದಳು.

ಅವತ್ತೆಲ್ಲ ಅವಳ ಕಣ್ಣು ಚಿನಕುರುಳಿಯ ಮೇಲೇ. ಅವಳು ಬೆಳಿಗ್ಗೆಯಿಂದ ಮೂರು ಸಲ ಬಚ್ಚಲ ಕಡೆ ಹೋದಳು. ಓಹೋ! ಒಂದು ಲೋಟ ನೀರು ಗಟಗಟ ಕುಡಿದಳು. ಆಹಾ! ಹೊದಿಕೆಯ ಗಂಟು ಎತ್ತುವಾಗ ಸೊಂಟ ಹಿಡಿದುಕೊಂಡಳು. ಕೇಳಬೇಕೇ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಚ್ಚಲ ಹತ್ತಿರ ಹೋಗುತ್ತಿದ್ದದ್ದು ಅಲ್ಲಿ ಮಾತ್ರ ಫೋನಿನ ಸಿಗ್ನಲ್ ಸಿಗುತ್ತದೆಂದು, ಮಗಳ ಜೊತೆ ಎರಡು ಮಾತಾಡಲು. ಇದನ್ನೆಲ್ಲ ಗಮನಿಸುತ್ತ ಮೂಗಿನಕ್ಕ ತಾನು ಪಕ್ಕದ ಹೂಜಿಯನ್ನು ಎರಡು ಸಲ ಖಾಲಿ ಮಾಡಿ ಮೂರನೇ ಸಲ ತುಂಬಿಸಿದ್ದಳು. ಉಗಿ ಏಳುವ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಬಾಯಾರದೆ ಇರುತ್ತದೆಯೇ?

ಬುಧವಾರ ಬೆಳಿಗ್ಗೆ ಅದೇ ವಾಸನೆ, ನಿನ್ನೆಗಿಂತ ಜೋರು. ಆ ಬಟ್ಟೆಯನ್ನು ಅವಳು ಕುದಿಯುವ ನೀರಿಗೆ ಹಾಕಲಿಲ್ಲ. ಬದಲಿಗೆ ಹೊಸದೊಂದನ್ನು ಕತ್ತರಿಸಿಟ್ಟು, ಇದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ ಸಂಜೆ ಮನೆಗೆ ಒಯ್ದಳು.

ಮನೆಯೆಂದರೆ ಎರಡು ಕೋಣೆ, ಅದರಲ್ಲಿ ಅವಳು ಮತ್ತು ಗಂಡನ ತಾಯಿ. ಅತ್ತೆಗೆ ಎಪ್ಪತ್ತೆಂಟು. ನಶ್ಯ ಏರಿಸಿ ಏರಿಸಿ ಮೂಗು ಸತ್ತು ಎಷ್ಟೋ ಕಾಲವಾಗಿತ್ತು. ಹಾಲು ಉಕ್ಕಿ ಸೀದರೂ ತಿಳಿಯುತ್ತಿರಲಿಲ್ಲ. ನಾಲಗೆ ಮಾತ್ರ ಹರಿತವಾಗಿಯೇ ಇತ್ತು. ಗಂಡ ಹೋದಮೇಲೆ ಸೊಸೆ ತವರಿಗೆ ಹೋಗಲಿಲ್ಲ, ಅತ್ತೆ ಹೋಗೆನ್ನಲಿಲ್ಲ. ಜಗಳವಾಡಿಕೊಂಡೇ ಇಬ್ಬರೂ ಒಬ್ಬರಿಗೊಬ್ಬರು ಆಗಿದ್ದರು.

ಸೊಸೆ ವಿಷಯ ಹೇಳಿದಾಗ ಅತ್ತೆ ನಶ್ಯದ ಡಬ್ಬಿಯನ್ನು ಮುಚ್ಚಿಟ್ಟಳು. ಆಮೇಲೆ ಕೇಳಿದಳು, "ಅದೇ ವಾಸನೇನಾ? ಸರಿಯಾಗಿ ನೋಡಿದ್ಯಾ?"

"ಅದೇ ಅತ್ತೆ. ಮರೆಯೋ ವಾಸನೇನಾ ಅದು?"

"ಹಂಗಾದ್ರೆ ಇನ್ನೂ ಯಾಕೆ ಇಲ್ಲಿ ಕೂತಿದ್ದೀಯ? ಆವತ್ತು ನಾವಿಬ್ರೂ ಹಿಂಗೇ ಕೂತಿದ್ವಿ. ನಾಳೆ ಬೆಳಿಗ್ಗೆ ಮೊದಲ ಕೆಲಸ ಆ ಹುಡುಗಿನ ಡಾಕ್ಟರ ಹತ್ರ ಎಳ್ಕೊಂಡು ಹೋಗು. ಬರಲ್ಲ ಅಂದ್ರೆ ಜುಟ್ಟು ಹಿಡ್ಕೊಂಡು ಹೋಗು."

"ಏನಂತ ಹೇಳ್ಲಿ? ನಿನ್ನ ಮೈ ನಾರ್ತಿದೆ ಅಂತ ಮುಖದ ಮೇಲೆ ಹೇಳೋಕಾಗುತ್ತಾ?"

"ಹೇಳಿದ್ರೆ ಬೈತಾಳೆ. ಹೇಳದಿದ್ರೆ ಸಾಯ್ತಾಳೆ. ಯಾವುದು ವಾಸಿ ನೀನೇ ನೋಡ್ಕೋ." ಅತ್ತೆ ಎದ್ದು ಹೋಗುತ್ತ ತಿರುಗಿ ನೋಡಿದಳು. "ಅದಿರಲಿ, ನಿನ್ನ ರವಿಕೆ ಯಾಕೆ ಹಿಂಗೆ ಜೋಲಾಡ್ತಿದೆ? ಊಟ ಮಾಡ್ತಿದ್ದೀಯೋ ಇಲ್ವೋ?"

"ಒಗೆದೂ ಒಗೆದೂ ಹಿಗ್ಗಿದೆ ಬಿಡಿ," ಎಂದಳು ಸೊಸೆ.

ಗುರುವಾರ ಬೆಳಿಗ್ಗೆ ಚಿನಕುರುಳಿ ಬಾಗಿಲಲ್ಲಿ ಕಾಲಿಡುತ್ತಿದ್ದಂತೆಯೇ ಮೂಗಿನಕ್ಕ ಅವಳ ರಟ್ಟೆ ಹಿಡಿದು ಗಂಟುಗಳ ಮರೆಗೆ ಕರೆದೊಯ್ದಳು. ಸುತ್ತಿ ಬಳಸಿ ಮಾತಾಡಲು ಬಾರದ ಜೀವ, ನೇರವಾಗಿ ಹೇಳಿಬಿಟ್ಟಳು. ಚಿನಕುರುಳಿಯ ಮುಖ ಕೆಂಪೇರಿತು.

"ನನ್ನ ಮೈ ನಾತ ಹೊಡೀತಿದೆ ಅಂತೀರಾ? ದಿನಕ್ಕೆರಡು ಸಲ ಸ್ನಾನ ಮಾಡ್ತೀನಿ ನಾನು! ಯಾರ್ಯಾರಿಗೆ ಹೇಳಿದ್ದೀರ ಇದನ್ನ?"

"ನಾತ ಅಲ್ಲ ಕಣೇ. ನಾತ ಆಗಿದ್ರೆ ಒಂದು ಸೋಪು ಕೊಟ್ಟು ಸುಮ್ನಾಗ್ತಿದ್ದೆ. ಇದು ಸೋಪಿಗೆ ಹೋಗೋದಲ್ಲ, ಒಳಗಿಂದ ಬರೋದು. ನನ್ನ ಗಂಡನಿಗೆ ಬಂದಿತ್ತು. ನಾನು ಒಗೆದೆ. ಒಗೀತಾನೇ ಇದ್ದೆ." ಅವಳು ಎರಡೂ ಕೈ ಜೋಡಿಸಿದಳು. "ನಿಂಗೆ ಕೈ ಮುಗೀತೀನಿ, ಒಂದು ಸಲ ತೋರಿಸ್ಕೋ. ಏನೂ ಇಲ್ಲ ಅಂದ್ರೆ ವಾಪಸ್ ಬಂದು ಎಲ್ಲರ ಮುಂದೆ ನನಗೆ ಉಗಿ."

ಹದಿನಾಲ್ಕು ವರ್ಷದಲ್ಲಿ ಯಾರ ಮುಂದೆಯೂ ಕೈ ಮುಗಿಯದ ಹೆಂಗಸು ಅದು. ಚಿನಕುರುಳಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಸ್ತ್ರಿ "ಏನು ಗುಸುಗುಸು?" ಎನ್ನುತ್ತ ಬಂದ. ತೆರೆದ ಬಾಯಿ ಮುಚ್ಚಿತು. ಎಂದೂ ಮುಚ್ಚದ ಬಾಯಿ ಅವತ್ತೇ ಮುಚ್ಚಬೇಕೇ! ಮೂಗಿನಕ್ಕ ಮೇಸ್ತ್ರಿಗೆ ಅರ್ಧ ದಿನದ ರಜೆ ಹೇಳಿದಳೇ ಹೊರತು ಕೇಳಲಿಲ್ಲ.

ಎರಡು ಬೀದಿ ಆಚೆಗೆ ಒಬ್ಬ ಡಾಕ್ಟರಮ್ಮನ ದವಾಖಾನೆ ಇತ್ತು. ದಾರಿಯಲ್ಲಿ ಮೂಗಿನಕ್ಕನಿಗೆ ಏದುಸಿರು ಬಂತು. ಎರಡು ಸಲ ಗೋಡೆ ಹಿಡಿದು ನಿಂತಳು. ವಯಸ್ಸಾಯಿತು ಎಂದಳು. ಐವತ್ತೊಂದು ಅಂಥ ವಯಸ್ಸೇನಲ್ಲ, ಆದರೆ ಚಿನಕುರುಳಿಗೆ ತನ್ನ ಚಿಂತೆಯೇ ಸಾಕಾಗಿತ್ತು. ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ನಗಲಿಲ್ಲ, ಅದೇ ದೊಡ್ಡದು. ಚೀಲದ ಗಂಟು ಬಿಚ್ಚಿ ತಾನೂ ಬಟ್ಟೆಯನ್ನು ಮೂಸಿದಳು. ಅವಳ ಹುಬ್ಬು ಮೇಲಕ್ಕೆ ಹೋಯಿತು.

"ಸರಿಯಾಗೇ ಹೇಳಿದ್ದೀರ," ಎಂದಳು. "ಬೆವರಿನ ವಾಸನೆಗೆ ನಾನು ಯಾರನ್ನೂ ಹೆದರಿಸಲ್ಲ. ಎಲ್ಲರ ಮೈಗೂ ಒಂದು ವಾಸನೆ ಇದ್ದೇ ಇರುತ್ತೆ. ತಿನ್ನೋದು, ಮಾತ್ರೆ, ವಯಸ್ಸು, ಎಲ್ಲದಕ್ಕೂ ಅದು ಬದಲಾಗುತ್ತೆ. ಆದ್ರೆ ಇದ್ದಕ್ಕಿದ್ದ ಹಾಗೆ ಹೊಸ ವಾಸನೆ ಬಂದು, ಸ್ನಾನ ಮಾಡಿದ್ರೂ ಹೋಗ್ಲಿಲ್ಲ ಅಂದ್ರೆ ಒಂದು ಸಲ ತೋರಿಸ್ಕೊಳ್ಳಬೇಕು. ಮೀನಿನ ಥರ ಬಂದ್ರೆ ಒಂದು ಕಾರಣ, ಉಚ್ಚೆಯ ಥರ ಬಂದ್ರೆ ಮೂತ್ರಪಿಂಡ ನೋಡಬೇಕು. ಈ ಹಣ್ಣಿನ ವಾಸನೆ ಜೊತೆಗೆ ಬಾಯಾರಿಕೆ, ಸುಸ್ತು, ವಾಂತಿ, ತೂಕ ಇಳಿಯೋದು, ಏದುಸಿರು ಇದ್ರಂತೂ ನಾಳೆ ಅನ್ನಬಾರದು, ಅವತ್ತೇ ಆಸ್ಪತ್ರೆಗೆ ಓಡಬೇಕು. ಕೈ ಕೊಡಮ್ಮ."

ಚಿನಕುರುಳಿ ಕಣ್ಣು ಮುಚ್ಚಿ ಬೆರಳು ಕೊಟ್ಟಳು. ಒಂದು ತೊಟ್ಟು ರಕ್ತ. ಪುಟ್ಟ ಯಂತ್ರ ಕುಂಯ್ ಎಂದಿತು.

"ಸಕ್ಕರೆ ತೊಂಬತ್ತಾರು. ನನಗಿಂತ ಚೆನ್ನಾಗಿದೆ," ಎಂದಳು ಡಾಕ್ಟರಮ್ಮ. ಬಾಯಿ ತೆರೆಸಿ ಮೂಸಿದಳು. "ಉಸಿರಲ್ಲೂ ಏನಿಲ್ಲ. ಈ ಬಟ್ಟೆ ನೀನು ಕಟ್ಟಿದ್ದೇ ತಾನೆ?"

ಚಿನಕುರುಳಿ ಸೆರಗಿನ ಅಂಚು ತಿರುಚತೊಡಗಿದಳು.

"ಮೇಸ್ತ್ರಿಗೆ ಹೇಳಬಾರದು. ನಾನು ಈ ವಾರ ಬಟ್ಟೆ ಕಟ್ಟೇ ಇಲ್ಲ. ಭಾನುವಾರ ಕೆನ್ನೆ ಮೇಲೆ ಬೆವರುಸಾಲೆ ಎದ್ದು ಉರಿ ಶುರುವಾಯ್ತು. ಸೊಂಟಕ್ಕೆ ಸಿಕ್ಕಿಸ್ಕೊಂಡು, ಮೇಸ್ತ್ರಿ ಬಂದಾಗ ಮಾತ್ರ ಮುಖಕ್ಕೆ ಹಿಡ್ಕೊಂಡು, ಸಂಜೆ ಹಂಗೇ ಬುಟ್ಟಿಗೆ ಹಾಕ್ತಿದ್ದೆ. ಬೆಳಿಗ್ಗೆನೇ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಅವನು ಬಂದ. ಆಮೇಲೆ ನಿಜವಾಗಲೂ ನಂಗೇನೋ ಆಗಿದೆ ಅಂತ ನನಗೇ ಅನಿಸಿಬಿಡ್ತು."

"ಅಯ್ಯೋ ನಿನ್ನ! ಕಟ್ಟದ ಬಟ್ಟೆ ವಾಸನೆ ಹೆಂಗೆ ಬರುತ್ತೆ? ಒಗೆದ ಬಟ್ಟೆ ಒಗೆದ ಹಂಗೇ..." ಮೂಗಿನಕ್ಕ ಅಲ್ಲಿಗೇ ನಿಂತಳು.

ಕಟ್ಟದ ಬಟ್ಟೆಗೆ ವಾಸನೆ ಇರುವುದಿಲ್ಲ. ವಾಸನೆಯಿಲ್ಲದ ಬಟ್ಟೆ ಚಿನಕುರುಳಿಯದು. ಏಳು ಜನರದ್ದು ಸಿಕ್ಕಿದೆ. ಅಲ್ಲಿಗೆ ಎಂಟಾಯಿತು. ಉಳಿದದ್ದು ಒಂದೇ ಬಟ್ಟೆ, ಉಳಿದವಳು ಒಬ್ಬಳೇ.

ಡಾಕ್ಟರಮ್ಮ ಆಗಲೇ ಇವಳ ಕಡೆ ತಿರುಗಿ ಕೂತಿದ್ದಳು. ಒಣಗಿ ಬಿರಿದ ತುಟಿ, ಭುಜದಿಂದ ಜಾರಿದ ರವಿಕೆ, ಕೂತಲ್ಲೇ ಏರಿಳಿಯುತ್ತಿದ್ದ ಎದೆ.

"ಅಮ್ಮಾ, ನೀವು ದಿನಕ್ಕೆ ಎಷ್ಟು ನೀರು ಕುಡೀತೀರ?"

"ನಮ್ಮದು ಉಗಿ ಕೋಣೆ ಡಾಕ್ಟ್ರೇ, ಎಲ್ಲರೂ ಕುಡೀತಾರೆ," ಎನ್ನುತ್ತ ಮೂಗಿನಕ್ಕ ಎದ್ದಳು. ಅವಳ ಅವಸರವೆಲ್ಲ ಎಲ್ಲಿ ಹೋಯಿತೋ ಏನೋ. "ಹಂಗಾದ್ರೆ ಇವಳಿಗೆ ಏನೂ ಇಲ್ಲ ಅಂತಾಯ್ತು, ಒಳ್ಳೇದಾಯ್ತು. ನಾನು ಬರ್ತೀನಿ. ಎರಡು ಲಾಡ್ಜಿನ ಗಂಟು ಹಾಗೇ ಬಿದ್ದಿದೆ. ಶನಿವಾರ ತಲುಪಿಸಬೇಕು. ಸೋಮವಾರ ಬಿಡುವಾಗುತ್ತೆ, ಆಗ ಬಂದು ತೋರಿಸ್ಕೋತೀನಿ."

ಚಿನಕುರುಳಿ ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಏನು ಸೋಮವಾರ? ನನ್ನನ್ನ ಸಂತೆಯಲ್ಲಿ ಕಳ್ಳನ್ನ ಎಳ್ಕೊಂಡು ಬಂದ ಹಂಗೆ ರಟ್ಟೆ ಹಿಡಿದು ಎಳ್ಕೊಂಡು ಬಂದ್ರಿ. ನಾನು ಸತ್ತೇ ಹೋದೆ ಅಂತ ದಾರಿಯೆಲ್ಲ ಅತ್ತಿದ್ದೀನಿ. ಈಗ ನಿಮಗೆ ಗಂಟು ನೆನಪಾಯ್ತಾ? ಕೂತ್ಕೊಳ್ಳಿ, ಬೆರಳು ಕೊಡಿ! ಕೊಡ್ದಿದ್ರೆ ಇಲ್ಲೇ ಕಿರುಚ್ತೀನಿ, ನೋಡಿ."

ಕಿರುಚುವವಳೇ ಅವಳು. ಮೂಗಿನಕ್ಕ ಕೂತಳು. ಬೆರಳು ಚಾಚಿದಳು. ಪುಟ್ಟ ಯಂತ್ರ ಮತ್ತೆ ಕುಂಯ್ ಎಂದಿತು. ಈ ಸಲ ಅದರಲ್ಲಿ ಅಂಕಿಯೇ ಬರಲಿಲ್ಲ. ಅಳೆಯಲಾಗದಷ್ಟು ಹೆಚ್ಚಿದ್ದರೆ ಹಾಗಾಗುತ್ತದಂತೆ. ಡಾಕ್ಟರಮ್ಮ ಫೋನು ಎತ್ತಿ ಆಂಬುಲೆನ್ಸ್ ಕರೆದಳು.

ಆಸ್ಪತ್ರೆಯಲ್ಲಿ ಎರಡು ದಿನ ಅವಳ ಎರಡೂ ಕೈಗೆ ಸೂಜಿ ಚುಚ್ಚಿ ಹನಿಹನಿಯಾಗಿ ಔಷಧ ಬಿಟ್ಟರು. ಶನಿವಾರ ಮಧ್ಯಾಹ್ನ ಅತ್ತೆಯನ್ನು ಒಳಗೆ ಬಿಟ್ಟರು. ಮುದುಕಿ ಕೋಲೂರಿಕೊಂಡು ಸಾಲು ಮಂಚಗಳನ್ನು ದಾಟಿ ಬಂದು, ಸೊಸೆಯ ಮುಖ ನೋಡಿ, ಮೊದಲು ಬೈದಳು. ನನ್ನ ಮೂಗು ಸತ್ತಿದೆ, ನಿನ್ನ ಬುದ್ಧಿಯೂ ಸತ್ತಿತ್ತಾ, ಕೊಡಗಟ್ಟಲೆ ನೀರು ಕುಡಿಯುವಾಗ ಗೊತ್ತಾಗಲಿಲ್ಲವಾ, ಇದ್ದ ಒಬ್ಬಳೂ ಹೊರಟಿದ್ದೆಯಲ್ಲೇ ಎಂದು. ಮೂಗಿನಕ್ಕ ಮೆಲ್ಲಗೆ ನಗುತ್ತ ಕೇಳಿಸಿಕೊಂಡಳು. ಪಕ್ಕದ ಮಂಚದವರೂ ಕೇಳಿಸಿಕೊಂಡರು.

ಬೈಗುಳ ಮುಗಿದ ಮೇಲೆ ಮೂಗಿನಕ್ಕ ಹೇಳಿದಳು, "ಅತ್ತೆ, ಒಂದು ವಿಚಿತ್ರ ನೋಡಿ. ಇಲ್ಲಿಯ ಡಾಕ್ಟರನ್ನ ಕೇಳಿದೆ, ನನ್ನ ಬಟ್ಟೆ ಇಷ್ಟು ವರ್ಷ ನನಗ್ಯಾಕೆ ನಾರಲಿಲ್ಲ ಅಂತ. ಎಲ್ಲರ ಮೂಗೂ ಹಂಗೇನಂತೆ. ದಿನಾ ಇರೋ ತನ್ನ ವಾಸನೇನ ಮೂಗು ಲೆಕ್ಕಕ್ಕೇ ಇಟ್ಕೊಳ್ಳಲ್ವಂತೆ. ಇದು ಹೊಸದು, ಅದೂ ರಾತ್ರಿಯೆಲ್ಲ ಮುಚ್ಚಿದ ಬುಟ್ಟಿಯಲ್ಲಿತ್ತು, ಅದಕ್ಕೇ ಸಿಕ್ಕಿತು."

"ಸಿಕ್ಕಿತಲ್ಲ, ನಮ್ಮ ಪುಣ್ಯ."

"ಇನ್ನೊಂದು ಮಾತು ಕೇಳಿದೆ. ಸೋಮವಾರ ಬಂದಿದ್ರೆ ಏನಾಗ್ತಿತ್ತು ಅಂತ. ಅವರು ಉತ್ತರ ಹೇಳದೆ ಚೀಟಿ ಬರೀತಾ ನಿಂತ್ರು."

ಅತ್ತೆ ಕೋಲನ್ನು ಮಂಚಕ್ಕೆ ಒರಗಿಸಿ ಸೊಸೆಯ ಪಾದವನ್ನು ಹಿಡಿದುಕೊಂಡಳು. ಕೈಯಲ್ಲೆಲ್ಲ ಸೂಜಿಗಳಿದ್ದವು, ಹಿಡಿಯಲು ಅದೊಂದೇ ಉಳಿದಿತ್ತು.

"ಅಲ್ಲವೇ, ಅದು ನಿನ್ನ ಬಟ್ಟೆ ಅಂತ ಮಂಗಳವಾರವೇ ಗೊತ್ತಾಗಿದ್ರೆ ಅವತ್ತೇ ಓಡಿ ಬರ್ತಿದ್ದೆಯಲ್ಲ? ಎರಡು ದಿನ ಉಳೀತಿತ್ತು."

ಮೂಗಿನಕ್ಕ ಸುಳ್ಳು ಹೇಳಬಹುದಿತ್ತು, ಮುದುಕಿಗೆ ಸಮಾಧಾನವಾಗುತ್ತಿತ್ತು.

"ಇಲ್ಲ ಅತ್ತೆ," ಎಂದಳು. "ನನ್ನದು ಅಂತ ಗೊತ್ತಾಗಿದ್ರೆ ಒಗೆದು ಹಾಕ್ತಿದ್ದೆ."